ಆಯಿಯ ಕರಡಿಗೆ ಮತ್ತು ಪಗಾರವಿಲ್ಲದ ಪೊಲೀಸರು

2025ರ ಜನವರಿ 18, ಶನಿವಾರ. ಥಾಯ್ಲೆಂಡಿನ ಪಟ್ಟಾಯ ಎಂಬ ಸಮುದ್ರದಂಡೆಯ ಊರಿನಲ್ಲಿ ಹಗಲು 11 ಗಂಟೆ 52 ನಿಮಿಷ. ನಮ್ಮೂರು ಇಂಡಿಯ ಗಡಿಯಾರದಲ್ಲಿ ಆಗ 10 ಗಂಟೆ 22 ನಿಮಿಷ. ಹೋಟೆಲಿನಲ್ಲಿ ಊಟದ ತಟ್ಟೆಯ ಮುಂದೆ ಕುಳಿತಿದ್ದ ನಮ್ಮ ಆಯಿ ಎದೆಯ ಮೇಲೆ ಕೈ ಇಟ್ಟವಳು ಹಾಗೆಯೇ ಕುಳಿತುಬಿಟ್ಟಳು. ಸೆರಗು ಸರಿಸಿ ನೋಡಿದಳು. ಕೊರಳ ಸುತ್ತ ಮುಟ್ಟಿ ನೋಡಿದಳು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ವಿದ್ಯಾ, ಕರಡಿಗಿ ಇಲ್ಲ" ಎಂದಳು.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ಆಯಿಗೆ ಆಗ ಎಪ್ಪತ್ತೆರಡು ವರ್ಷ. ಅವಳ ಕರಡಿಗೆ ಬೆಳ್ಳಿಯದು, ಒಳಗೆ ಇಷ್ಟಲಿಂಗ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯ ದಿನ ಶಿವದಾರದಲ್ಲಿ ಕೊರಳಿಗೆ ಬಂದ ಆ ಲಿಂಗ ಮದುವೆ, ಬಾಣಂತನ, ಆಪರೇಷನ್ ಯಾವುದರಲ್ಲೂ ಕೊರಳು ಬಿಟ್ಟಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ಅವಳು ಚಹಾ ಕುಡಿಯುವುದಿಲ್ಲ. ಊಟಕ್ಕೆ ಮೊದಲು, ನೀರಿನ ಲೋಟ ಎತ್ತುವ ಮೊದಲು ಕೂಡ ಕರಡಿಗೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಲಿಂಗ ಮೈಮೇಲಿಲ್ಲ ಎಂದರೆ ಅನ್ನವೂ ಇಲ್ಲ, ನೀರೂ ಇಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಅಂದಿನ ಮಾತ್ರೆಯನ್ನು 8.05ಕ್ಕೆ ನುಂಗಿದ್ದಳು. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲೇಬೇಕಿತ್ತು.

ಇಂಡಿಯ ಮುದುಕಿಯೊಬ್ಬಳು ಪಟ್ಟಾಯಕ್ಕೆ ಹೋದದ್ದು ಹೇಗೆ ಎಂದು ನೀವು ಕೇಳಬಹುದು. ಇಂಡಿಯಲ್ಲಿ ಅಪ್ಪನಿಗೆ ಬೀಜ, ಗೊಬ್ಬರ, ಔಷಧದ ಅಂಗಡಿ ಇದೆ. ಬೆಳೆಯ ಔಷಧದ ಕಂಪನಿಯೊಂದು ವರ್ಷದ ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಐದು ದಿನದ ಪ್ರವಾಸ ಕೊಟ್ಟಿತ್ತು, ಒಬ್ಬೊಬ್ಬರಿಗೆ ಎರಡು ಟಿಕೆಟ್. ಜನವರಿ ಎಂದರೆ ದ್ರಾಕ್ಷಿ ತೋಟದವರು ಬೆಳಗಾದರೆ ಅಂಗಡಿಯ ಬಾಗಿಲಿಗೆ ಬರುವ ಕಾಲ. ಅಪ್ಪ ಅಲುಗಾಡುವಂತಿರಲಿಲ್ಲ. ಅವ್ವನಿಗೆ ವಿಮಾನವೆಂದರೆ ಭಯ. "ಹಂಗಾರ ನಾ ಹೋಗ್ತೇನಿ" ಎಂದವಳು ಆಯಿ. "ಕೊಲ್ಹಾರದ ಹಿನ್ನೀರ ನೋಡೇನಿ. ಆಚಿ ದಂಡಿ ಕಾಣ್ತೈತಿ. ಆಚಿ ದಂಡಿ ಕಾಣಲಾರದ ನೀರ ಒಂದ್ಸಲ ನೋಡಬೇಕು." ಅವಳ ಜೊತೆಗೆ ನಾನು.

ನಾನು ಬಿ.ಕಾಂ. ಮುಗಿಸಿ ಅಂಗಡಿಯ ಸ್ಟಾಕ್ ಪುಸ್ತಕ ನೋಡಿಕೊಳ್ಳುತ್ತೇನೆ. ಒಂಬತ್ತನೆಯ ತರಗತಿಯಿಂದ ಡೈರಿ ಬರೆಯುತ್ತ ಬಂದಿದ್ದೇನೆ. ಏನು ನಡೆಯಿತು ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ನಡೆಯಿತು ಎಂದು ಬರೆಯುವುದೇ ಹೆಚ್ಚು. ಆ ಪ್ರವಾಸದ ಮೊದಲ ಪುಟದಲ್ಲಿ ಹೀಗಿದೆ: ಇಂಡಿ 2, ಸಿಂದಗಿ 4, ಮುದ್ದೇಬಿಹಾಳ 3, ಬಸವನ ಬಾಗೇವಾಡಿ 4, ಒಟ್ಟು 13. ನಮ್ಮ ಬ್ಯಾಗಿನಲ್ಲಿ ಕಟಕ ರೊಟ್ಟಿ 60, ಶೇಂಗಾ ಚಟ್ನಿ 2 ಡಬ್ಬಿ.

ಆ ಬೆಳಿಗ್ಗೆ 8.40ಕ್ಕೆ ಸ್ಪೀಡ್ ಬೋಟಿನಲ್ಲಿ ಹತ್ತಿರದ ದ್ವೀಪಕ್ಕೆ ಹೊರಟೆವು. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಆಯಿ ಇಲಕಲ್ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು, "ಈಗ ನಾ ಹೆಂಗ ಕಾಣ್ತೇನಿ, ಗ್ಯಾಸಿನ ಸಿಲಿಂಡರ್ ಕಂಡಂಗ ಕಾಣ್ತೇನಿ" ಎಂದು ತಾನೇ ನಕ್ಕಳು. ದ್ವೀಪದಲ್ಲಿ ಮೊಣಕಾಲಿನವರೆಗೆ ನೀರಿಗಿಳಿದು, ಅಂಗೈಯಲ್ಲಿ ಸಮುದ್ರದ ನೀರು ಹಿಡಿದು ನಿಂತಿದ್ದಳು. ಎಷ್ಟು ಹೊತ್ತು ನಿಂತಿದ್ದಳೆಂದರೆ ಬಾಗೇವಾಡಿಯ ಹೆಣ್ಣುಮಕ್ಕಳು ಫೋಟೊ ತೆಗೆಸಿಕೊಂಡು ಬಟ್ಟೆ ಬದಲಿಸಿ ಬಂದರೂ ಅವಳು ಅಲ್ಲೇ ಇದ್ದಳು. "ಖರೇನ ದಂಡಿ ಇಲ್ಲವಾ ಇದಕ್ಕ" ಎಂದಳು. 11.15ಕ್ಕೆ ಮರಳಿ ಪಟ್ಟಾಯದ ದಂಡೆಗೆ ಬಂದೆವು. ಜಾಕೆಟ್ಟುಗಳನ್ನು ಬಿಚ್ಚಿ ರಾಶಿಗೆ ಎಸೆದು ಬಸ್ಸು ಹತ್ತಿದೆವು. 11.52ಕ್ಕೆ ಊಟದ ತಟ್ಟೆ.

ಟೇಬಲ್ಲಿನ ಕೆಳಗೆ, ಬಸ್ಸಿನ ಸೀಟಿನ ಸಂದಿಯಲ್ಲಿ, ಬ್ಯಾಗಿನಲ್ಲಿ, ಎಲ್ಲೂ ಕರಡಿಗೆ ಇರಲಿಲ್ಲ. ಪ್ರವಾಸದ ಮ್ಯಾನೇಜರ್ ವಾಚು ನೋಡಿ, ಒಂದು ಗಂಟೆಗೆ ಆನೆಗಳ ಶೋ ಇದೆ, ಟಿಕೆಟ್ ತೆಗೆದಾಗಿದೆ ಎಂದ. ಆಗ ಬಾಗೇವಾಡಿಯ ಡೀಲರ್ ಒಬ್ಬರು ತಟ್ಟೆ ಸರಿಸಿ ಎದ್ದು, "ಬಸವಣ್ಣನ ಊರಿನವ್ರಾಗಿ ಲಿಂಗ ಬಿಟ್ಟ ಆನಿ ನೋಡಾಕ ಹ್ವಾದ್ರ ಊರಾಗ ಮಾರಿ ತೋರಸಾಕ ಆಕ್ಕೈತೇನ್ರಿ?" ಎಂದರು. ಹದಿಮೂರು ಮಂದಿಯಲ್ಲಿ ಒಬ್ಬರೂ ಆನೆ ನೋಡಲು ಹೋಗಲಿಲ್ಲ.

12.30ಕ್ಕೆ ನಾವೆಲ್ಲ ಮತ್ತೆ ದಂಡೆಗೆ ಬಂದು ಬೋಟು ಇಳಿದ ಜಾಗದಲ್ಲಿ ಉಸುಕು ಕೆದಕತೊಡಗಿದೆವು. ನೀರಿನಲ್ಲಿ ಇಳಿಯುವಾಗ ದಾರ ಹರಿದು ಬಿದ್ದಿರಬೇಕೆಂದು ನಮ್ಮ ಲೆಕ್ಕ. ನಾಲ್ಕು ತಾಲೂಕಿನ ಮಂದಿ ಸಾಲಾಗಿ ಬಗ್ಗಿ ಎರಡೂ ಕೈಯಲ್ಲಿ ಉಸುಕು ಜರಡಿ ಹಿಡಿಯುತ್ತಿದ್ದರೆ ಬಿಸಿಲು ಕಾಯಿಸುತ್ತ ಮಲಗಿದ್ದ ಪರದೇಶದವರು ಎದ್ದು ಕುಳಿತು ನೋಡತೊಡಗಿದರು. ನಾವು ಚಿಪ್ಪು ಆರಿಸುತ್ತಿದ್ದೇವೆ ಎಂದುಕೊಂಡು ಒಬ್ಬಾಕೆ ತನ್ನ ಬಳಿಯಿದ್ದ ಚಿಪ್ಪುಗಳನ್ನು ಸಿಂದಗಿಯ ದಸ್ತಗೀರ ಕಾಕಾನ ಕೈಗೆ ತಂದುಕೊಟ್ಟಳು. ಕಾಕಾ ಅಪ್ಪನ ಹಳೆಯ ಗೆಳೆಯರು, ಅವರೂ ಗೊಬ್ಬರದ ಅಂಗಡಿಯವರು. "ಥ್ಯಾಂಕ್ಯೂ ಬಾಯಿ" ಎಂದು ಅವನ್ನು ಜೇಬಿಗಿಟ್ಟುಕೊಂಡು ಮತ್ತೆ ಬಗ್ಗಿದರು.

ಆಯಿಯನ್ನು ಒಂದು ಕೊಡೆಯ ನೆರಳಿನಲ್ಲಿ ಕೂರಿಸಿದ್ದೆ. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಗಾಬರಿಯಾಗಿ ನಮ್ಮ ಮಠದ ಸ್ವಾಮಿಗಳನ್ನೇ ಲೈನಿಗೆ ಸೇರಿಸಿದರು. ಸ್ವಾಮಿಗಳು, "ಅವ್ವಾರ, ಪರದೇಶದಾಗ ಅದೀರಿ, ವಯಸ್ಸಾಗೈತಿ. ಮನಸ್ಸಿನಾಗ ನೆನಸಿ ನೀರ ತಗೋರಿ. ಬಂದ ಮ್ಯಾಲ ಹೊಸಾದು ಕಟ್ತೇವಿ" ಎಂದರು. ಆಯಿ "ಆಗಲ್ರಿ ಬುದ್ಧಿ" ಎಂದು ಫೋನ್ ನನ್ನ ಕೈಗೆ ಕೊಟ್ಟಳು. ನಾನು ನೀರಿನ ಬಾಟಲಿ ಮುಂದೆ ಹಿಡಿದೆ.

"ಅವ್ರು ಹೇಳ್ತಾರವಾ. ಅವ್ರಿಗಿ ಕರುಣಾ ಜಾಸ್ತಿ. ನನಗ ಗಂಟಲಾಗ ಇಳಿಯಂಗಿಲ್ಲ" ಎಂದಳು.

1.20ಕ್ಕೆ ಕಪ್ಪು ಸಮವಸ್ತ್ರದ ಒಬ್ಬ ಎತ್ತರದ ಬಿಳಿಯ ಮುದುಕ ನಮ್ಮ ಹತ್ತಿರ ಬಂದ. ಎದೆಯ ಮೇಲೆ ಬಿಲ್ಲೆ, ಕೊರಳಲ್ಲಿ ಸೀಟಿ, ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಪ್ರವಾಸಿಗರ ಪೊಲೀಸ್ ಎಂದು ಬರೆದಿತ್ತು. ದಂಡೆ ಹಾಳು ಮಾಡುತ್ತಿದ್ದೇವೆಂದು ಬೈಯಲು ಬಂದನೇನೋ ಎಂದು ಮುದ್ದೇಬಿಹಾಳದವರು ಕೆದಕಿದ ಕುಣಿಗಳನ್ನೆಲ್ಲ ಕಾಲಿನಿಂದ ಮುಚ್ಚತೊಡಗಿದರು. ಆತ ಇಂಗ್ಲಿಷಿನಲ್ಲಿ, "ಏನನ್ನು ಕಳೆದುಕೊಂಡಿದ್ದೀರಿ, ನಾನೂ ಹುಡುಕಲೆ?" ಎಂದು ಕೇಳಿದ.

ಹೆಸರು ಹೆನ್ರಿಕ್, ಊರು ಡೆನ್ಮಾರ್ಕ್. ಅಲ್ಲಿ ಮೂವತ್ತೊಂದು ವರ್ಷ ಅಂಚೆಯವನಾಗಿದ್ದು, ನಿವೃತ್ತಿಯ ಮೇಲೆ ಪಟ್ಟಾಯದಲ್ಲಿ ಮನೆ ಮಾಡಿಕೊಂಡಿದ್ದಾನೆ. ಹೀಗೆ ಅಲ್ಲಿ ನೆಲೆಸಿರುವ ಪರದೇಶದವರಲ್ಲಿ ಕೆಲವರು ಅರ್ಜಿ ಹಾಕಿ, ತರಬೇತಿ ಪಡೆದು ಪೊಲೀಸರಿಗೆ ನೆರವಾಗುತ್ತಾರಂತೆ. ಬಂಧಿಸುವ ಅಧಿಕಾರ ಅವರಿಗಿಲ್ಲ, ಆಯುಧವೂ ಇಲ್ಲ. ಪಾಸ್‌ಪೋರ್ಟ್ ಕಳೆದುಕೊಂಡವರು, ದಾರಿ ತಪ್ಪಿದವರು, ಭಾಷೆ ಬಾರದೆ ಅಳುತ್ತ ನಿಂತವರು, ಇಂಥವರ ಮಾತನ್ನು ಪೊಲೀಸರಿಗೆ, ಪೊಲೀಸರ ಮಾತನ್ನು ಇವರಿಗೆ ಮುಟ್ಟಿಸುವುದು ಅವರ ಕೆಲಸ. ದೂರು ಬರೆಸಲು ನಮ್ಮನ್ನು ಠಾಣೆಗೆ ಕರೆದೊಯ್ಯುತ್ತ ಆತ ಹೇಳಿದ್ದನ್ನೆಲ್ಲ ನಾನು ಆಯಿಗೆ ಕನ್ನಡದಲ್ಲಿ ಹೇಳುತ್ತ ಬಂದೆ.

"ಪಗಾರ ಎಷ್ಟಂತ?" ಎಂದಳು ಆಯಿ.

"ಪಗಾರ ಇಲ್ಲಂತ, ಆಯಿ."

"ಡ್ರೆಸ್ ಆರ ಸರ್ಕಾರದವ್ರು ಕೊಟ್ಟಾರೇನು?"

ಕೇಳಿದೆ. ಅದೂ ಸ್ವಂತ ಖರ್ಚಿನದಂತೆ.

ಆಯಿ ಅಲ್ಲೇ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮನ್ಯಾಗ ಹೇಳವ್ರು ಕೇಳವ್ರು ಯಾರೂ ಇಲ್ಲ ಕಾಣ್ತೈತಿ" ಎಂದಳು. ಇದನ್ನು ನಾನು ಅನುವಾದಿಸಲಿಲ್ಲ. ಆದರೆ ಯಾಕೆ ಈ ಕೆಲಸ ಮಾಡುತ್ತೀರಿ ಎಂದು ನನ್ನ ಪರವಾಗಿ ಕೇಳಿದೆ. "ಮೂವತ್ತೊಂದು ವರ್ಷ ಜನ ಬಾಗಿಲಲ್ಲಿ ನಿಂತು ನನಗಾಗಿ ಕಾಯುತ್ತಿದ್ದರು. ನಿವೃತ್ತಿಯಾದ ಮರುದಿನದಿಂದ ಯಾರೂ ಕಾಯಲಿಲ್ಲ. ಅದು ಒಗ್ಗಲಿಲ್ಲ" ಎಂದ. ಇದನ್ನು ಅನುವಾದಿಸಿದೆ. ಆಯಿ ಅವನ ಜೊತೆ ಹೆಜ್ಜೆ ಹಾಕಿದಳು.

ಠಾಣೆಗೆ ಹೋದವರು ಮೂವರು: ಆಯಿ, ನಾನು, ದಸ್ತಗೀರ ಕಾಕಾ. ಉಳಿದ ಹತ್ತು ಮಂದಿ ಉಸುಕಿನಲ್ಲೇ ಇದ್ದರು. ಒಳಗೆ ನೋಯ್ ಎಂಬ ಥಾಯ್ ಅಧಿಕಾರಿ ಇದ್ದಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಆಕೆ ಥಾಯ್ ಭಾಷೆಯಲ್ಲಿ ಕೇಳುವುದು, ಹೆನ್ರಿಕ್ ಅದನ್ನು ಇಂಗ್ಲಿಷ್ ಮಾಡುವುದು, ನಾನು ಕನ್ನಡ ಮಾಡುವುದು. ಕಳೆದ ವಸ್ತು ಯಾವುದು ಎಂದಾಗ, ಬೆಳ್ಳಿಯ ಡಬ್ಬಿ, ಒಳಗೆ ಕಪ್ಪು ಕಲ್ಲಿನಂಥದ್ದು ಎಂದೆ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡಳು.

"ಏನಂತ ಬರದ್ಳು?" ಎಂದಳು ಆಯಿ.

ಹೆನ್ರಿಕ್‌ನನ್ನು ಕೇಳಿ ಹೇಳಿದೆ. "ವಡವಿ ಅಂತ."

"ಅಳಸಂತ ಹೇಳು. ಲಿಂಗ ವಡವಿ ಏನು?"

ನನ್ನ ಇಂಗ್ಲಿಷಿನಲ್ಲಿ ಇಷ್ಟಲಿಂಗಕ್ಕೆ ಮಾತು ಇರಲಿಲ್ಲ. ಕೊನೆಗೆ, "ನಮ್ಮ ಅಜ್ಜಿ ತನ್ನ ದೇವರನ್ನು ಕಳೆದುಕೊಂಡಿದ್ದಾಳೆ. ಅದು ಸಿಗುವ ತನಕ ಆಕೆ ನೀರೂ ಕುಡಿಯುವುದಿಲ್ಲ" ಎಂದೆ. ಹೆನ್ರಿಕ್ ಆಯಿಯನ್ನು ನೋಡಿದ. ನಗಲಿಲ್ಲ. "ಎಷ್ಟು ದೊಡ್ಡದು?" ಎಂದ. ನಿಂಬೆ ಬೆಳೆಯುವ ಊರಿನವಳಾಗಿ ನನಗೆ ಹೊಳೆದದ್ದು ಒಂದೇ ಅಳತೆ, ನಿಂಬೆಹಣ್ಣಿನಷ್ಟು ಎಂದೆ. ಅಧಿಕಾರಿ ಮೊದಲಿನದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಅದರ ಕೆಳಗೆ ಹೆನ್ರಿಕ್ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ನನ್ನ ಡೈರಿಗೆ ಇಳಿಸಿಕೊಂಡಿದ್ದೇನೆ: ದೇವರು, ನಿಂಬೆಹಣ್ಣಿನ ಗಾತ್ರ, ಬೆಳ್ಳಿಯ ಮನೆಯಲ್ಲಿ.

ಆಮೇಲೆ ಆತ ನಾವು ಯಾರೂ ಕೇಳದ ಒಂದು ಮಾತು ಕೇಳಿದ. "ಎಲ್ಲಿ ಕಳೆಯಿತು ಅನ್ನುವುದು ಬೇಡ. ಕೊನೆಯ ಸಲ ಅದನ್ನು ಕೈಯಲ್ಲಿ ಮುಟ್ಟಿದ್ದು ಯಾವಾಗ?"

ಆಯಿ ಕಣ್ಣು ಮುಚ್ಚಿ ನೆನೆದಳು. "ಬೋಟಿನಾಗ. ಬರೂವಾಗ ಅದು ಜಿಗ್ಯಾಕತ್ತಿತ್ತಲ್ಲ, ನಾ ಜಾಕೀಟಿನೊಳಗ ಕೈ ಹಾಕಿ ಗಟ್ಟಿ ಹಿಡಕೊಂಡಿದ್ದೆ. ದಂಡಿ ಬರೂತನಾ ಬಿಟ್ಟಿಲ್ಲ."

ಅಂದರೆ ಕಳೆದದ್ದು ದ್ವೀಪದ ನೀರಿನಲ್ಲಿ ಅಲ್ಲ, ದಂಡೆಗೆ ಬಂದು ಜಾಕೆಟ್ ಬಿಚ್ಚುವ ಹೊತ್ತಿಗೆ. ಹೆನ್ರಿಕ್ ಒಳಗಿನ ಕೋಣೆಯಿಂದ ಒಂದು ಕಿತ್ತಳೆ ಲೈಫ್ ಜಾಕೆಟ್ ತಂದ. ತನ್ನ ಕೊರಳಿನ ಸೀಟಿಯನ್ನು ದಾರಸಮೇತ ತೆಗೆದು ಆಯಿಯ ಕೊರಳಿಗೆ ಹಾಕುವಂತೆ ನನಗೆ ಕೊಟ್ಟ. ಕರಡಿಗೆ ಇದ್ದ ಹಾಗೆಯೇ ಸೆರಗಿನೊಳಗೆ ಅದನ್ನು ಇರಿಸಿ, ಮೇಲೆ ಜಾಕೆಟ್ ತೊಡಿಸಬೇಕೆಂದ.

"ಇಲ್ಲೆಲ್ಲಿ ನೀರ ಐತಿ, ಇದನ್ಯಾಕ ಹಾಕ್ತಾನ ಇಂವ?" ಎಂದಳು ಆಯಿ.

"ಪೊಲೀಸ್ ಠಾಣ್ಯಾಗ ಮುಳುಗಿದವ್ರು ಭಾಳ ಮಂದಿ ಅದಾರ. ಹಾಕ್ಕೋರಿ ಆಯಿ" ಎಂದರು ದಸ್ತಗೀರ ಕಾಕಾ.

ತೊಡಿಸಿದ್ದಾಯಿತು. ಬೆಳಿಗ್ಗೆ ಬಿಚ್ಚಿದ ಹಾಗೆಯೇ ಈಗ ಬಿಚ್ಚಲಿ ಎಂದ ಹೆನ್ರಿಕ್. ಆಯಿ ಸೊಂಟದ ಬಳಿಯ ಬಕ್ಕಲ್ಲಿಗೆ ಕೈ ಹಾಕಿದಳು. ಒತ್ತಿದಳು. ಎಳೆದಳು. ಗಂಟುಗಟ್ಟಿದ ಬೆರಳುಗಳಿಗೆ ಅದು ಬಗ್ಗಲಿಲ್ಲ. ಎರಡು ನಿಮಿಷ ನೋಡಿ ಆತ ಮೆಲ್ಲಗೆ, "ಹಾಗಾದರೆ ಬೆಳಿಗ್ಗೆ ಬಿಚ್ಚಿದವರು ಯಾರು?" ಎಂದ.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಆಯಿಗೆ ಅರ್ಥವಾಯಿತು. "ನಾನ ಬಿಚ್ಚಿದೆ ಅನ್ನು" ಎಂದು ತನ್ನನ್ನೇ ತೋರಿಸಿಕೊಂಡಳು.

ಆಗ ನನಗೆ ನೆನಪಾಯಿತು. ದಂಡೆಯ ಮೇಲೆ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಹನ್ನೊಂದು ಮಂದಿ ಹತ್ತಿಯಾಗಿತ್ತು, ಆಯಿ ಇನ್ನೂ ಸಮುದ್ರ ನೋಡುತ್ತ ನಿಂತಿದ್ದಳು. 11.20ಕ್ಕೆ ಬಸ್ಸು ಎಂದು ನಾನು ಬರೆದಿಟ್ಟದ್ದು ತಪ್ಪಿಹೋಗುತ್ತದೆ ಎಂದು, "ಲಗೂ ಆಯಿ, ಲಗೂ" ಎನ್ನುತ್ತ ಬಕ್ಕಲ್ ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಅವಳ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಂದ ಎಳೆದು ರಾಶಿಗೆ ಎಸೆದವಳು ನಾನು. ಡೈರಿಯಲ್ಲಿ ಬೋಟು ಹತ್ತಿದ ನಿಮಿಷವಿದೆ, ಇಳಿದ ನಿಮಿಷವಿದೆ. ಇದಿಲ್ಲ.

"ನಾನೇ" ಎಂದೆ ಹೆನ್ರಿಕ್‌ಗೆ. "ಹೇಗೆ ತೆಗೆದೆ, ತೋರಿಸು" ಎಂದ. ಆಯಿಯ ಮುಂದೆ ನಿಂತು, ಬೆಳಿಗ್ಗೆ ಎಳೆದ ಹಾಗೆಯೇ ಎಳೆದೆ. ಜಾಕೆಟ್ ತಲೆಯ ಮೇಲಿಂದ ಬಂತು. ಆಯಿಯ ಕೊರಳಲ್ಲಿ ಸೀಟಿ ಇರಲಿಲ್ಲ. ಜಾಕೆಟ್ಟನ್ನು ತಿರುಗಿಸಿ ನೋಡಿದರೆ ಒಳಗಿನ ಪಟ್ಟಿಗೆ ದಾರ ಸಿಕ್ಕಿಕೊಂಡು ಸೀಟಿ ತೂಗಾಡುತ್ತಿತ್ತು.

ನೋಯ್ ಆಗಲೇ ಬೋಟಿನವರನ್ನು ಕೇಳಲು ಫೋನ್ ಎತ್ತಿದ್ದಳು. ಆಗ ಗಂಟೆ 3.05.

ಹತ್ತು ಮಂದಿಯನ್ನು ಉಸುಕಿನಿಂದ ಎಬ್ಬಿಸಲು ಕಾಕಾ ಹೋದರು. ನಾನು ಬೆಂಚಿನ ಮೇಲೆ ಆಯಿಯ ಪಕ್ಕ ಕುಳಿತೆ. ಅವಳ ಹಣೆಯಲ್ಲಿ ಬೆವರು, ಬೆರಳು ಸಣ್ಣಗೆ ನಡುಗುತ್ತಿದ್ದವು. ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಗೊತ್ತಾಯಿತು. ಹೆನ್ರಿಕ್ ಹಣ್ಣಿನ ರಸ ತಂದು ಹಿಡಿದ. ಆಯಿ ಕೈಮುಗಿದು ಬೇಡವೆಂದಳು. ಆತ ನನ್ನ ಕಡೆ ತಿರುಗಿ, "ನಾನು ಒತ್ತಾಯ ಮಾಡುವುದಿಲ್ಲ. ಆದರೆ ಆಕೆ ಎಚ್ಚರ ತಪ್ಪಿದರೆ ಆಂಬುಲೆನ್ಸ್ ಕರೆಯುತ್ತೇನೆ. ಅಲ್ಲಿ ಯಾರೂ ಆಕೆಯನ್ನು ಕೇಳಿ ಗ್ಲುಕೋಸ್ ಹಾಕುವುದಿಲ್ಲ. ಇದನ್ನು ಆಕೆಗೆ ಈಗಲೇ ಹೇಳು" ಎಂದ. ಹೇಳಿದೆ.

"ಹಾಕ್ಲಿ. ಆವಾಗ ನನಗ ಎಚ್ಚರ ಇರಂಗಿಲ್ಲ, ಅದು ನನ್ನ ತಪ್ಪಲ್ಲ. ಎಚ್ಚರ ಇರೂತನಾ ನಾ ಕುಡ್ಯಾಂಗಿಲ್ಲ" ಎಂದಳು. ತನ್ನ ಅಂಗೈ ನೋಡಿಕೊಳ್ಳುತ್ತ, "ನಾ ಹ್ವಾದ ಮ್ಯಾಲ ಮಣ್ಣಾಗಿಡೂವಾಗ ಅದನ್ನ ನನ್ನ ಅಂಗೈಯಾಗ ಇಡ್ತಾರ. ಅರವತ್ತನಾಲ್ಕು ವರ್ಷ ಈ ಕೈಗೆ ಅದರ ರೂಢಿ ಆಗೈತಿ. ಬ್ಯಾರೇದ ಇಟ್ರ ಕೈಗಿ ಗುರ್ತ ಹತ್ತಬೇಕಲ್ಲ" ಎಂದಳು.

ನಾನು ಆಯಿಯ ಮುಂದೆ ಎಂದೂ ಅತ್ತವಳಲ್ಲ. ಆಗಲೂ ಅಳಬಾರದೆಂದು ಗೋಡೆಯ ಗಡಿಯಾರ ನೋಡುತ್ತ ಕುಳಿತೆ. ಕಾಕಾ ಮರಳಿ ಬಂದು ನಮ್ಮ ಎದುರು ಕುಳಿತರು. ಅವರೂ ಮಧ್ಯಾಹ್ನದಿಂದ ಏನನ್ನೂ ಮುಟ್ಟಿಲ್ಲ ಎಂದು ಆಯಿಗೆ ಗೊತ್ತಾದದ್ದು ಆಗಲೇ.

"ನೀ ಯಾಕಪಾ ಹಸಗೊಂಡು ಕುಂತಿ? ನಿಂದೇನ ಕಳದೈತಿ?"

"ರೋಜಾದಾಗ ನನಗ ರೂಢಿ ಐತ್ರಿ ಆಯಿ. ನಿಮಗಿಂತ ಒಂದ್ ತಾಸು ಹೆಚ್ಚ ಕುಂಡ್ರತೇನಿ, ಪೈಪೋಟಿ ಬ್ಯಾಡ."

"ನನ್ನ ಶಿವರಾತ್ರಿ ಉಪಾಸ ನೋಡಿಲ್ಲ ನೀ" ಎಂದಳು ಆಯಿ. ಧ್ವನಿ ಸಣ್ಣದಾಗಿತ್ತು, ಆದರೆ ಮುಖದಲ್ಲಿ ನಗುವಿತ್ತು.

3.26ಕ್ಕೆ ಫೋನ್ ಬಂತು. ನೋಯ್ ಕೇಳಿಸಿಕೊಂಡು ಹೆನ್ರಿಕ್‌ಗೆ ಹೇಳಿದಳು, ಆತ ನನಗೆ ಹೇಳಿದ. ನಮ್ಮ ಬೋಟಿನವರ ಜಾಕೆಟ್ಟುಗಳೆಲ್ಲ ಮುಂದಿನ ತಂಡದ ಮೈಮೇಲೆ ಮತ್ತೆ ದ್ವೀಪಕ್ಕೆ ಹೋಗಿದ್ದವು. ದ್ವೀಪದ ಪೊಲೀಸ್ ಚೌಕಿಯಲ್ಲಿ 1.15ಕ್ಕೆ ಯಾರೋ ಒಂದು ಬೆಳ್ಳಿಯ ಡಬ್ಬಿ ಕೊಟ್ಟು ಹೋಗಿದ್ದಾರೆ. ಅಲ್ಲಿನ ಸ್ವಯಂಸೇವಕಿ 3.40ರ ಬೋಟಿಗೆ ಅದನ್ನು ತರುತ್ತಿದ್ದಾಳೆ.

ನಾವೆಲ್ಲ ದಂಡೆಗೆ ಹೋಗಿ ನಿಂತೆವು. ಆಯಿಯನ್ನು ಠಾಣೆಯ ಕುರ್ಚಿಸಮೇತ ಬಾಗೇವಾಡಿಯವರು ಎತ್ತಿಕೊಂಡು ಬಂದಿದ್ದರು. 4.20ಕ್ಕೆ ಬೋಟು ಬಂತು. ಅದರಿಂದ ಕಪ್ಪು ಸಮವಸ್ತ್ರದ ಒಬ್ಬ ಯುವತಿ ನೀರಿಗಿಳಿದಳು. ಫ್ರಾನ್ಸಿನವಳು, ಜೂಲಿ ಎಂದು ಹೆಸರು. ತೆರೆಯೊಂದು ಬಂದು ಸೊಂಟದವರೆಗೆ ತೋಯಿಸಿತು. ಆದರೆ ಅವಳ ಬಲಗೈ ಎದೆಯ ಮಟ್ಟದಿಂದ ಕೆಳಗಿಳಿಯಲಿಲ್ಲ. ಅಂಗೈ ಮೇಲುಮುಖ, ಅದರ ಮೇಲೆ ಒಂದು ಪುಟ್ಟ ಗಂಟು. ಬರಿಗಾಲಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬಂದಳು.

ದೂರದಿಂದಲೇ ನೋಡಿದ ಆಯಿ, "ಆಕಿಗಿ ಯಾರೋ ಹೇಳಿಕೊಟ್ಟಾರ" ಎಂದಳು.

ಹೇಳಿಕೊಟ್ಟಿದ್ದರು. ಜೂಲಿ ಅದನ್ನು ಆಯಿಯ ಕೈಗೆ ಕೊಟ್ಟಾದ ಮೇಲೆ ನಡೆದದ್ದನ್ನು ಹೇಳಿದಳು. ಐವತ್ತು ದಾಟಿದ ಒಬ್ಬ ಭಾರತೀಯ ಹೆಂಗಸು ಚೌಕಿಗೆ ಬಂದಳಂತೆ. ಆಯಿ ಉಟ್ಟಂಥದ್ದೇ ಕೆಂಪು ಸೆರಗಿನ ಸೀರೆ. ತನ್ನ ಜಾಕೆಟ್ಟಿನೊಳಗೆ ಸಿಕ್ಕ ಡಬ್ಬಿಯನ್ನು ಬೋಟಿನವನು ಕೇಳಿದರೂ ಕೊಡದೆ, ಪೊಲೀಸರ ಕೈಗೇ ಕೊಡುತ್ತೇನೆ ಎಂದು ಬಂದಿದ್ದಳು. ಜೂಲಿ ಕೈ ಚಾಚಿದರೆ ತಡೆದಳಂತೆ. ಆಕೆಗೆ ಬರುತ್ತಿದ್ದ ಇಂಗ್ಲಿಷ್ ನಾಲ್ಕೇ ಮಾತು: ದೇವರು, ಬೂಟು ಬೇಡ, ನೆಲ ಬೇಡ, ಬಲಗೈ. ಜೂಲಿ ಬೂಟು ಬಿಚ್ಚಿ ಬಲಗೈ ಚಾಚಿದ ಮೇಲೆಯೇ ಕೊಟ್ಟದ್ದು. ಆಗಿನಿಂದ ಎರಡು ತಾಸಿಗೂ ಹೆಚ್ಚು ಹೊತ್ತು ಡಬ್ಬಿ ಔಷಧದ ಪೆಟ್ಟಿಗೆಯ ಮೇಲಿನ, ಎಲ್ಲಕ್ಕಿಂತ ಎತ್ತರದ ಹಲಗೆಯ ಮೇಲಿತ್ತು, ಜೂಲಿ ಬರಿಗಾಲಿನಲ್ಲೇ ಡ್ಯೂಟಿ ಮಾಡಿದ್ದಳು. ಬೂಟು ಹಾಕಿಕೊಳ್ಳಬಹುದೋ ಇಲ್ಲವೋ ಕೇಳಲು ಯಾರೂ ಇರಲಿಲ್ಲ ಎಂದು ಅವಳು ಹೇಳಿದಾಗ ಹದಿಮೂರು ಮಂದಿಯೂ ನಕ್ಕೆವು.

ಠಾಣೆಯ ಒಂದು ಕೋಣೆಯಲ್ಲಿ ಆಯಿ ಪೂಜೆಗೆ ಕುಳಿತಳು. ನೋಯ್ ಟಿ.ವಿ. ಆರಿಸಿದಳು, ತಂಬಿಗೆಯ ಬದಲು ಗಾಜಿನ ಲೋಟದಲ್ಲಿ ನೀರು ತಂದಿಟ್ಟಳು. ವಿಭೂತಿ ಆಯಿಯ ಬ್ಯಾಗಿನಲ್ಲಿತ್ತು. 4.58ಕ್ಕೆ ಅವಳು ಮೊದಲ ಗುಟುಕು ನೀರು ಕುಡಿದಳು. ದಸ್ತಗೀರ ಕಾಕಾ ಅದನ್ನು ನೋಡಿ ಎದ್ದು ಹೋಗಿ ಒಂದು ಬಾಟಲಿ ಪೂರ್ತಿ ಕುಡಿದು ಬಂದರು.

ಆಮೇಲೆ ಠಾಣೆಯ ಟೇಬಲ್ಲಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿದೆವು. ಆಯಿ ಮೊದಲ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಹೆನ್ರಿಕ್‌ನ ಕೈಗೆ ಕೊಟ್ಟಳು. ಆತ ಅದನ್ನು ತಟ್ಟಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಇದು ತಿನ್ನುವುದೇ ಎಂದು ಕೇಳಿದ. ಮುರಿದಾಗ ಬಂದ ಸದ್ದಿಗೆ ನೋಯ್ ಒಳಗಿನಿಂದ ಬಂದು ನೋಡಿದಳು. ನನ್ನ ಡೈರಿಯ ಪ್ರಕಾರ ಹೆನ್ರಿಕ್ 3, ಜೂಲಿ 2, ನೋಯ್ ಅರ್ಧ.

"ಪಗಾರ ಇಲ್ಲಂತೀರಿ, ಇದನ್ನಾರ ತಿನ್ರಿ" ಎಂದಳು ಆಯಿ. ಈ ಸಲ ಅನುವಾದಿಸಿದೆ. ಹೆನ್ರಿಕ್ ಎದ್ದು ನಿಂತು, ಬಾಯಿ ತುಂಬ ರೊಟ್ಟಿಯಿದ್ದುದರಿಂದ ಮಾತಾಡದೆ, ಪೊಲೀಸ್ ಸೆಲ್ಯೂಟ್ ಹೊಡೆದ.

ರೂಮಿಗೆ ಬಂದ ಮೇಲೆ ಕೇಳಿದೆ. "ಜಾಕೆಟ್ ನಾನ ಎಳದಿದ್ದು ನಿನಗ ಗೊತ್ತಿತ್ತಲ್ಲ ಆಯಿ, ಮತ್ಯಾಕ ನಾನ ಬಿಚ್ಚಿದೆ ಅಂದಿ?"

"ಗೊತ್ತಿತ್ತು. ನೀ ಅವಸರ ಮಾಡಿದಾಗ ಕ್ವಾರಳಿಗಿ ಏನೋ ತಾಗಿದಂಗ ಆಗಿತ್ತು. ಕರಡಿಗಿ ಹೋಗೈತಿ, ಹುಡುಗಿ ಮನಸ್ಸೂ ಯಾಕ ಕಳೀಬೇಕಂತ ಸುಮ್ನಾದೆ." ಮಗ್ಗುಲಾಗಿ ಮಲಗಿ, "ಹೇಳಿದ್ರ ಎರಡ ತಾಸ ಮೊದ್ಲ ಸಿಗ್ತಿತ್ತೇನೋ. ನನ್ನದೂ ತಪ್ಪ ಐತಿ, ಬರಕೋ" ಎಂದಳು. ಬರೆದುಕೊಂಡೆ. ಇಬ್ಬರ ಹೆಸರಿನ ಮುಂದೆಯೂ ಒಂದೊಂದು.

ಈಗಲೂ ನಾನು ಗಳಿಗೆ, ನಿಮಿಷ ಬರೆಯುವುದನ್ನು ಬಿಟ್ಟಿಲ್ಲ. ಆದರೆ ಆಯಿ ಎಲ್ಲಾದರೂ ನಿಂತರೆ ಅವಳ ಹೊತ್ತು ಮುಗಿಯುವ ತನಕ ಕಾಯುತ್ತೇನೆ. ಇನ್ನೊಂದು ಅಭ್ಯಾಸವೂ ಬಂದಿದೆ. ಕಳೆದ ಚಳಿಗಾಲದಲ್ಲಿ ಸಾಲೋಟಗಿಯ ಹಳೆಯ ಶಾಸನ ನೋಡಬೇಕೆಂದು ಇಬ್ಬರು ಪರದೇಶದವರು ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ನಕ್ಷೆ ಹಿಡಿದು ಸುತ್ತುತ್ತಿದ್ದರು. ಮೊದಲಾಗಿದ್ದರೆ ನೋಡಿ ಮುಂದೆ ಹೋಗುತ್ತಿದ್ದೆ. ಅಂದು ಅವರ ಜೊತೆ ಟೆಂಪೋ ಹತ್ತಿ ಸಾಲೋಟಗಿಗೆ ಹೋಗಿ, ತೋರಿಸಿ, ಮರಳಿ ಬಸ್ಸಿಗೆ ಕೂರಿಸಿ ಬಂದೆ. ಸಮವಸ್ತ್ರ ಇರಲಿಲ್ಲ, ಅಷ್ಟೇ.

ಹೆನ್ರಿಕ್‌ಗೆ, ಜೂಲಿಗೆ ಪತ್ರ ಬರೆದಿದ್ದೇನೆ, ಉತ್ತರವೂ ಬಂದಿದೆ. ಬರೆಯಲು ವಿಳಾಸವಿಲ್ಲದೆ ಉಳಿದವರು ಆ ಹೆಂಗಸು ಒಬ್ಬರೇ. ದ್ವೀಪದ ಚೌಕಿಯ ರಿಜಿಸ್ಟರಿನಲ್ಲಿ ಕೊಟ್ಟವರ ಹೆಸರು ಎಂಬ ಜಾಗ ಖಾಲಿ ಇತ್ತು. ಬೋಟು ಹೊರಡುತ್ತದೆ ಎಂದು ಕೈಮುಗಿದು ಹೋಗಿಬಿಟ್ಟರಂತೆ. ಅವರು ಕರಡಿಗೆಯನ್ನು ಸುತ್ತಿಕೊಟ್ಟದ್ದು ತಮ್ಮ ಸಂಚಿಯಲ್ಲಿ. ನಮ್ಮ ಕಡೆಯ ಹೆಣ್ಣುಮಕ್ಕಳು ಎಲೆ ಅಡಿಕೆಗೆಂದು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ, ಖಣದ ಬಟ್ಟೆಯಲ್ಲಿ ಕೈಯಿಂದ ಹೊಲಿದ ಪುಟ್ಟ ಚೀಲ ಅದು. ಲವಂಗದ ವಾಸನೆ ಇನ್ನೂ ಹೋಗಿಲ್ಲ. ದೇವರಿಗೆ ಜಾಗ ಮಾಡಲು ತನ್ನದನ್ನೆಲ್ಲ ಆ ಪರದೇಶದಲ್ಲಿ ಎಲ್ಲಿ ಸುರಿದಳೋ ಎಂದು ಆಯಿ ಆಗಾಗ ಹೇಳುತ್ತಾಳೆ. ಆಕೆಯನ್ನು ಒಮ್ಮೆ ನೋಡಬೇಕು, ಆಕೆಯ ಕೈಯಲ್ಲೇ ಇದನ್ನು ಕೊಡಬೇಕು ಎನ್ನುತ್ತಾಳೆ. ಈಗ ಅವಳಿಗೆ ಎಪ್ಪತ್ತಮೂರು ದಾಟಿದೆ.

ಆ ದಿನ, ಹಗಲು ಹನ್ನೆರಡೂವರೆಯ ಹೊತ್ತಿಗೆ ಪಟ್ಟಾಯದಿಂದ ದ್ವೀಪಕ್ಕೆ ಹೋದ ಬೋಟಿನಲ್ಲಿ ನೀವಿದ್ದರೆ, ಅಥವಾ ನಿಮ್ಮ ಅವ್ವ, ಅತ್ತೆ, ಚಿಗವ್ವ ಊರಿಗೆ ಬಂದು ಇಂಥದೊಂದು ಸಂಗತಿ ಹೇಳಿದ್ದು ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಸಂಚಿಯ ತಳದಲ್ಲಿ ಅವರು ತೆಗೆಯಲು ಮರೆತ ಒಂದು ಸಣ್ಣ ವಸ್ತು ಉಳಿದಿತ್ತು. ಅದೇನೆಂದು ನಾನು ಇಲ್ಲಿ ಬರೆದಿಲ್ಲ. ಅದನ್ನು ಹೇಳಿದವರ ಊರಿಗೆ, ಅದು ಯಾವ ಊರೇ ಆಗಲಿ, ಆಯಿಯನ್ನು ನಾನು ಕರೆದುಕೊಂಡು ಬರುತ್ತೇನೆ.

ವಿದ್ಯಾಶ್ರೀ, ಇಂಡಿ